ಅಪ್ಪು ಕೋಟ್ಯಧಿಪತಿ ರಾತ್ರಿ ಒಂಬತ್ತಕ್ಕೆ ಮತ್ತೆ ಬಂದರೆ ಓಡುತ್ತಾ?

ಬೊಮ್ಮಸಂದ್ರದ ನಮ್ಮ ಪಿಜಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದವರು ತಟ್ಟೆ ಹಿಡಿದು ಕೂತರೆ, ಯಾರಾದರೊಬ್ಬರು ಮೊಬೈಲಿನಲ್ಲಿ ‘ಕನ್ನಡದ ಕೋಟ್ಯಧಿಪತಿ’ಯ ಹಳೇ ತುಣುಕು ಹಾಕ್ತಾರೆ. ಪುನೀತ್ ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ನಾಲ್ಕು ಕಡೆಯಿಂದ ಉತ್ತರ. ಗೋಡೆಯ ಮೇಲಿನ ಟಿವಿಯಲ್ಲಿ ಧಾರಾವಾಹಿ ಓಡ್ತಾ ಇರುತ್ತೆ, ಯಾರೂ ತಲೆ ಎತ್ತಲ್ಲ. ಹಾಗಾದರೆ ಇದನ್ನೇ ಪ್ರೈಮ್ ಟೈಮ್‌ನಲ್ಲಿ ಮರುಪ್ರಸಾರ ಮಾಡಬಾರದಾ?

ಖಾಸಗಿ ಚಾನೆಲ್‌ಗಳು ಮಾಡಲ್ಲ ಅಂತ ನನ್ನ ಅಂದಾಜು. ಮೊದಲಿಗೆ ಹಕ್ಕಿನ ತೊಡಕು. ಕಾರ್ಯಕ್ರಮ 2012ರಲ್ಲಿ ಶುರುವಾಗಿದ್ದು ಸುವರ್ಣದಲ್ಲಿ, 2019ರಲ್ಲಿ ಪುನೀತ್ ನಡೆಸಿಕೊಟ್ಟಿದ್ದು ಕಲರ್ಸ್ ಕನ್ನಡದಲ್ಲಿ, ಮೂಲ ಆಟ ಬ್ರಿಟನ್ನಿನದು. ಎರಡನೆಯದು ಜಾಹೀರಾತು. ಗಂಟೆಗೆ 12 ನಿಮಿಷ ಅನ್ನೋದು ನಿಯಮದ ಮಿತಿ. ಆ ನಿಮಿಷಗಳಿಗೆ ಹೆಚ್ಚು ದರ ಸಿಗೋದೇ ರಾತ್ರಿ. ಮರುಪ್ರಸಾರ ಅಗ್ಗ, ನಿಜ. ಆದರೆ ಧಾರಾವಾಹಿಗಳು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತವೆ. ಮಧ್ಯೆ ಅರ್ಧ ಗಂಟೆ ಜನ ಎದ್ದು ಹೋದರೆ ಮುಂದಿನದ್ದಕ್ಕೂ ಪೆಟ್ಟು.

2020ರ ಲಾಕ್‌ಡೌನ್‌ನಲ್ಲಿ ದೂರದರ್ಶನದ ‘ರಾಮಾಯಣ’ ಗೆಲ್ಲಲಿಲ್ಲವಾ ಅಂತೀರಿ. ಗೆದ್ದಿತು. ಆಗ ಶೂಟಿಂಗ್ ನಿಂತಿತ್ತು, ಹೊಸ ಕಂತುಗಳಿರಲಿಲ್ಲ, ಜನ ಮನೆಯಲ್ಲೇ ಇದ್ದರು. ಅದೂ ಅಲ್ಲದೆ, ಕಥೆ ಗೊತ್ತಿದ್ದರೂ ರಾಮಾಯಣ ನೋಡ್ತೀವಿ. ದುಡ್ಡಿನ ಆಟದಲ್ಲಿ ಯಾರು ಗೆದ್ದರು ಅಂತ ಗೊತ್ತಾದ ಮೇಲೆ ಎದೆಬಡಿತ ಎಲ್ಲಿಂದ ಬರಬೇಕು? ಅಪ್ಪುವನ್ನು ನೋಡೋಕೆ ಒಂದು ವಾರ ಕೂರಬಹುದು, ಆರು ತಿಂಗಳು ಕಷ್ಟ.

ನನಗೆ ಕಾಡುವುದು ಬೇರೆ ಪ್ರಶ್ನೆ: ‘ಓಡಿತು’ ಅಂತ ತೀರ್ಮಾನಿಸೋರು ಯಾರು? ಕೇಂದ್ರ ವಾರ್ತಾ ಸಚಿವಾಲಯ 2025ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 23 ಕೋಟಿ, ಬಾರ್ಕ್ ಮೀಟರ್ ಇರೋದು ಸುಮಾರು 58 ಸಾವಿರ ಮನೆಗಳಲ್ಲಿ. ಅಂದರೆ ಹೆಚ್ಚುಕಡಿಮೆ ನಾಲ್ಕು ಸಾವಿರಕ್ಕೆ ಒಂದು. ಮೀಟರ್ ಕೂರುವುದು ಕುಟುಂಬದ ಮನೆಯಲ್ಲಿ. ಮೂವತ್ತು ಜನ ಉಣ್ಣುವ ಪಿಜಿ ಹಾಲ್ ಆ ಲೆಕ್ಕದಲ್ಲಿ ಎಲ್ಲಿ ಬರುತ್ತೆ? ರಾತ್ರಿ ಹತ್ತಕ್ಕೆ ಫ್ಯಾಕ್ಟರಿ ಗೇಟು ದಾಟುವವರಿಗೆ ಪ್ರೈಮ್ ಟೈಮ್ ಶುರುವಾಗೋದೇ ಹತ್ತೂವರೆಗೆ. ಸೈರನ್ ನೋಡಿ ಯಾವ ಚಾನೆಲ್ಲೂ ವೇಳಾಪಟ್ಟಿ ಹಾಕಲ್ಲ.

ಹೀಗಾಗಿ ನನ್ನ ಆಸೆ ಚಂದನದ ಮೇಲೆ. ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ 2002ರಿಂದ ಬರ್ತಿದೆ, ಮೂರು ಸಾವಿರ ಕಂತು ಯಾವಾಗಲೋ ದಾಟಿದೆ. ಬಹುಮಾನ ಪುಸ್ತಕ. ಯಾರು ಗೆದ್ದರು ಅನ್ನೋದು ನಮಗೆ ನೆನಪೂ ಇರಲ್ಲ, ಹಾಗಾಗಿ ಹಳೇ ಕಂತು ಹಳಸೋದೂ ಕಡಿಮೆ; ಗಾದೆ, ಪದಬಂಧ, ಪುರಾಣದ ಪ್ರಶ್ನೆಗೆ ವರ್ಷದ ಹಂಗಿಲ್ಲ. ಸಾರ್ವಜನಿಕ ದುಡ್ಡಿನಲ್ಲಿ ನಡೆಯುವ ವಾಹಿನಿ ಟಿಆರ್‌ಪಿಯನ್ನೇ ನಂಬಿ ಕೂರಬೇಕಿಲ್ಲ. ರಾತ್ರಿ ಹತ್ತೂವರೆಗೆ ದಿನಕ್ಕೊಂದು ಹಳೇ ಕಂತು ಹಾಕಿ ನೋಡಲಿ. ನಮ್ಮ ಹಾಲ್‌ನಲ್ಲಿ ರಿಮೋಟ್ ಯಾರ ಕೈಲಿರುತ್ತೆ ಅನ್ನೋ ಜಗಳ ನಾವೇ ಬಗೆಹರಿಸಿಕೊಳ್ತೀವಿ.