ಕಾಲು ಬೆಲೆಯ ಕಾರಿಗೂ ಪೂರ್ತಿ ಬೆಲೆಯ ಬಿಲ್

ಹೊಸದರಲ್ಲಿ 60 ಲಕ್ಷ ಇದ್ದ ಜರ್ಮನ್ ಕಾರು ಎಂಟು ವರ್ಷದ ಮೇಲೆ 15 ಲಕ್ಷಕ್ಕೆ ಸಿಗುತ್ತದೆ ಅಂದುಕೊಳ್ಳಿ. ‘ಕ್ರೆಟಾ ದುಡ್ಡಿಗೆ ಬಿಎಂಡಬ್ಲ್ಯು ಬರುತ್ತೆ ಸಾರ್’ ಅನ್ನುವ ಡೀಲರ್ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಕೇಳುವವರ ತಲೆಯಲ್ಲಿ ಇನ್ನೊಂದು ಲೆಕ್ಕ ತಾನಾಗಿ ಕೂತುಬಿಡುತ್ತದೆ: ಬೆಲೆ ಕಾಲು ಭಾಗಕ್ಕೆ ಇಳಿದಿದೆ, ರಿಪೇರಿ ಖರ್ಚೂ ಇಳಿದಿರುತ್ತದೆ. ಇಳಿದಿರುವುದಿಲ್ಲ. ಹೆಡ್‌ಲೈಟ್, ಟರ್ಬೊ, ಬ್ರೇಕ್ ಡಿಸ್ಕ್‌ಗಳಿಗೆ ಇಂದಿಗೂ 60 ಲಕ್ಷದ ಕಾರಿನ ಬೆಲೆಯೇ. ಗಾಡಿ ಎಷ್ಟನೇ ಕೈ ಅಂತ ಸ್ಪೇರ್ ಅಂಗಡಿಯವರು ಕೇಳುವುದಿಲ್ಲ.

‘ಎಂಟು ವರ್ಷಕ್ಕೆ ಬರೀ 35,000 ಕಿ.ಮೀ. ಓಡಿದೆ’ ಅನ್ನುವುದು ಎರಡನೇ ಆಮಿಷ. ಉತ್ತರ ಬೆಂಗಳೂರಿನಲ್ಲಿ ಈ ಮಾತಿಗೆ ತೂಕ ಕಮ್ಮಿ. ಯಲಹಂಕದಿಂದ ಮಾನ್ಯತಾ ಟೆಕ್ ಪಾರ್ಕಿಗೆ ಹೋಗಿಬರುವ ಕಾರು ಹೆಬ್ಬಾಳ ಫ್ಲೈಓವರ್ ಬಳಿ ತೆವಳುವಾಗ ಕಿಲೋಮೀಟರ್ ನಿಂತಂತಿರುತ್ತದೆ, ಇಂಜಿನ್ ನಿಂತಿರುವುದಿಲ್ಲ. ಗಂಟೆಗೆ ಸರಾಸರಿ 15 ಕಿ.ಮೀ. ವೇಗದಲ್ಲಿ 15,000 ಕಿ.ಮೀ. ಮುಗಿಸಲು ಇಂಜಿನ್ 1,000 ಗಂಟೆ ಓಡಬೇಕು. ಹೈವೇಯಲ್ಲಿ 60ರ ಸರಾಸರಿಗೆ 250 ಗಂಟೆ ಸಾಕು. ಮೀಟರಿನಲ್ಲಿ ಎರಡೂ ಒಂದೇ. ಟರ್ಬೊ ಇಂಜಿನ್ನಿನ ಬಿಸಿಗೆ ಥರ್ಮೋಸ್ಟಾಟ್ ಹೌಸಿಂಗ್, ಕೂಲೆಂಟ್ ಪೈಪಿನಂಥ ಪ್ಲಾಸ್ಟಿಕ್ ಭಾಗಗಳು ಪೆಡಸಾಗಿ ಬಿರಿಯುತ್ತವೆ, ಗ್ಯಾಸ್ಕೆಟ್ ಗಟ್ಟಿಯಾಗಿ ಆಯಿಲ್ ಜಿನುಗುತ್ತದೆ. ಸುಮ್ಮನೆ ನಿಂತ ಕಾರಿನಲ್ಲೂ ರಬ್ಬರ್‌ಗೆ ವಯಸ್ಸಾಗುತ್ತದೆ. ಏರ್ ಸಸ್ಪೆನ್ಷನ್ನಿನ ಗಾಳಿಚೀಲ ಸಣ್ಣಗೆ ಸೋರಲು ಶುರುವಾದರೆ, ಗಾಳಿ ತುಂಬಿ ತುಂಬಿ ಕಂಪ್ರೆಸರ್ ಕೂಡ ಹೋಗುತ್ತದೆ. ಇಂಥ ಕಾರು ನೋಡಲು ಬೆಳಿಗ್ಗೆಯೇ ಹೋಗಬೇಕು. ರಾತ್ರಿಯಿಡೀ ನಿಂತು ಒಂದು ಮೂಲೆ ಕುಸಿದಿದ್ದರೆ ಮೀಟರ್ ನೋಡುವ ಅಗತ್ಯವೇ ಇಲ್ಲ.

ಎಲ್ಲಕ್ಕಿಂತ ದುಬಾರಿ ನಂಬಿಕೆ ಗೇರ್‌ಬಾಕ್ಸಿನದು. ‘ಇದರ ಆಯಿಲ್ ಲೈಫ್‌ಟೈಮ್, ಬದಲಿಸೋ ಹಾಗೇ ಇಲ್ಲ’ ಎಂದು ಮಾರುವವರಷ್ಟೇ ಅಲ್ಲ, ಸರ್ವೀಸ್ ಮಾಡುವವರೂ ಹೇಳುವುದುಂಟು. ಬಿಎಂಡಬ್ಲ್ಯುವಿನ ಎಂಟು ಗೇರಿನ ಆಟೊಮ್ಯಾಟಿಕ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯ ಸಲಹೆಯೇ ಬೇರೆ: ಬಳಕೆ ನೋಡಿಕೊಂಡು 80,000ದಿಂದ 1,20,000 ಕಿ.ಮೀ.ಗೆ, ಇಲ್ಲವೇ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ. ಕೆಲಸವೂ ಮಾಮೂಲಿಯದಲ್ಲ. ಫಿಲ್ಟರ್ ಪ್ಲಾಸ್ಟಿಕ್ ಪ್ಯಾನಿನೊಳಗೇ ಸೇರಿಕೊಂಡಿರುವುದರಿಂದ ಇಡೀ ಪ್ಯಾನ್ ಬಿಚ್ಚಿ ಹೊಸದು ಹಾಕಬೇಕು. ಆಮೇಲೆ ಕಾರನ್ನು ಲಿಫ್ಟ್ ಮೇಲೆ ಮಟ್ಟಸವಾಗಿ ಎತ್ತಿ, ಇಂಜಿನ್ ಸ್ಟಾರ್ಟ್ ಮಾಡಿ, ಆಯಿಲ್ ಬಿಸಿ 40 ಡಿಗ್ರಿ ಆಸುಪಾಸಿಗೆ ಬರುವುದನ್ನು ಸ್ಕ್ಯಾನರ್‌ನಲ್ಲಿ ನೋಡುತ್ತಾ, ತುಂಬುವ ತೂತಿನಿಂದ ಸಣ್ಣಗೆ ಹೊರಗೆ ಜಿನುಗುವವರೆಗೆ ತುಂಬಬೇಕು. ಅಂದಾಜಿನಲ್ಲಿ ಸುರಿದು ಮುಚ್ಚಳ ಬಿಗಿಯುವ ಗ್ಯಾರೇಜಿನಿಂದ ದೂರ ಇರಿ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230ರ ಆರು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸಿಗಂತೂ 60,000 ಕಿ.ಮೀ.ಗೊಮ್ಮೆ ಆಯಿಲ್, ಫಿಲ್ಟರ್ ಕಡ್ಡಾಯ. ಈ ಸರ್ವೀಸಿನ ಬಿಲ್ ಸಾವಿರಗಳಲ್ಲಿ ಬರುತ್ತದೆ, ಹಾಳಾದ ಗೇರ್‌ಬಾಕ್ಸಿನ ಬಿಲ್ ಲಕ್ಷಗಳಲ್ಲಿ.

ಹಾಗಾದರೆ ಕಂಪನಿ ವರ್ಕ್‌ಶಾಪೇ ಗತಿಯೇ? ಅದೂ ತಪ್ಪು ತಿಳಿವಳಿಕೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಬಿಎಂಡಬ್ಲ್ಯು, ಮರ್ಸಿಡಿಸ್-ಬೆಂಜ್, ಸ್ಕೋಡಾ, ಫೋಕ್ಸ್‌ವ್ಯಾಗನ್ ಸೇರಿ 14 ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿದ್ದು ಬಿಡಿಭಾಗ, ಸ್ಕ್ಯಾನಿಂಗ್ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕೆ. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ಎಷ್ಟೋ ಭಾಗಗಳನ್ನು ನಿಜವಾಗಿ ತಯಾರಿಸುವವರು ಬಾಷ್, ಮಾಲೆ, ಝಡ್‌ಎಫ್‌ನಂಥವರು. ಅವರದೇ ಡಬ್ಬಿಯಲ್ಲಿ ತರಿಸಿಕೊಂಡರೆ ಕಾರು ಕಂಪನಿಯ ಲೋಗೊಗೆ ಕೊಡುವ ದುಡ್ಡು ಉಳಿಯುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಕನ್ನಡಿ, ಡೋರ್ ಹ್ಯಾಂಡಲ್ ಹುಡುಕುವುದೂ ಸರಿಯೇ. ಬ್ರೇಕ್, ಸ್ಟೀರಿಂಗ್ ಭಾಗಗಳನ್ನು ಮಾತ್ರ ಅಲ್ಲಿ ಕೊಳ್ಳಬೇಡಿ.

‘ಇನ್ಶೂರೆನ್ಸ್ ಇದೆಯಲ್ಲ’ ಅನ್ನುವವರು ಪಾಲಿಸಿಯನ್ನು ಓದಿರುವುದಿಲ್ಲ. ಸವೆತಕ್ಕೂ ಯಾಂತ್ರಿಕ ದೋಷಕ್ಕೂ ಅದರಲ್ಲಿ ಒಂದು ಪೈಸೆ ಬಾರದು. ಅಪಘಾತದ ಕ್ಲೈಮ್‌ನಲ್ಲೂ ಐದು ವರ್ಷ ದಾಟಿದ, ಹತ್ತು ಮೀರದ ಕಾರಿನ ಲೋಹದ ಭಾಗಗಳಿಗೆ 40%, ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50% ಕಡಿತ. ಈ ಕಡಿತ ತಪ್ಪಿಸುವ ಜೀರೊ ಡೆಪ್ ಅಷ್ಟು ಹಳೆಯ ಕಾರಿಗೆ ಸಿಗುವುದೇ ಕಷ್ಟ. ವಿಚಿತ್ರವೆಂದರೆ ಇಲ್ಲಿ ಮಾತ್ರ ಲೆಕ್ಕ ನಿಲ್ಲುವುದು ಇಳಿದ ಬೆಲೆಯ ಮೇಲೆ: ವಿಮೆಯ ಮೌಲ್ಯ 15 ಲಕ್ಷವಿದ್ದು ರಿಪೇರಿ ಅದರ 75% ಮೀರಿದರೆ, ಅಂದರೆ 11.25 ಲಕ್ಷ ದಾಟಿದರೆ, ಕಾರು ಟೋಟಲ್ ಲಾಸ್. ಹೊಸ ಬೆಲೆಯ ಬಿಡಿಭಾಗಗಳಲ್ಲಿ ಆ ಮೊತ್ತ ಮುಟ್ಟಲು ದೊಡ್ಡ ಅಪಘಾತವೇನೂ ಬೇಕಿಲ್ಲ. ಇನ್ನು ಮಳೆನೀರಿನ ಅಪಾಯ: ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಜಲಾವೃತವಾಯಿತು. ಹಾಗೆ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಇಂಜಿನ್ ನೀರು ಹೀರಿಕೊಂಡರೆ ಮಾಮೂಲಿ ಪಾಲಿಸಿ ಕೈಬಿಡುತ್ತದೆ. ಇಂಜಿನ್ ಪ್ರೊಟೆಕ್ಟ್ ಬೇರೆಯೇ ತೆಗೆದುಕೊಂಡಿರಬೇಕು.

ಕೊನೆಗೆ ದೆಹಲಿ ಕಾರು. ಅಲ್ಲಿ ಹತ್ತು ವರ್ಷದ ಡೀಸೆಲ್ ಮೇಲೆ ನಿರ್ಬಂಧ ಬಂದ ಮೇಲೆ ಹಳೇ ಜರ್ಮನ್ ಡೀಸೆಲ್‌ಗಳು ಇತ್ತ ಬರತೊಡಗಿದವು, ಬೆಲೆ ಆಸೆ ಹುಟ್ಟಿಸುವಂತಿರುತ್ತದೆ. ಆದರೆ ಇಲ್ಲಿ ಮತ್ತೆ ನೋಂದಾಯಿಸುವಾಗ ಕಟ್ಟಬೇಕಾದ ಕರ್ನಾಟಕದ ಜೀವಿತಾವಧಿ ತೆರಿಗೆ 20 ಲಕ್ಷ ಮೀರಿದ ಕಾರಿಗೆ 18%, ಅದೂ ಹೊಸದರ ಬೆಲೆಯ ಮೇಲೆ. 60 ಲಕ್ಷಕ್ಕೆ 10.8 ಲಕ್ಷ, ಕಾರಿನ ವಯಸ್ಸಿಗೆ ತಕ್ಕಷ್ಟು ಕಳೆದ ಮೇಲೂ ಉಳಿಯುವುದು ಸಣ್ಣ ಮೊತ್ತವಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಯಲಹಂಕದ ಆರ್‌ಟಿಒ ಕಚೇರಿಗೋ (ಕೆಎ-50) ಯಶವಂತಪುರದ ಕಚೇರಿಗೋ (ಕೆಎ-04) ಹೋಗಿ, ಆರ್‌ಸಿ ನಕಲು ತೋರಿಸಿ, ತೆರಿಗೆ ಎಷ್ಟಾಗುತ್ತದೆಂದು ಕೇಳಿ ಬರೆದುಕೊಂಡು ಬನ್ನಿ.