ಲಾಗ್ ಟೇಬಲ್ಲಿಗೆ 99 ಡಾಲರ್

ಸಾಗರದ ಕಡೆ ಮದುವೆ ವಿಡಿಯೊ ಮಾಡುವ ಓದುಗರೊಬ್ಬರು ಕೇಳಿದ್ದಾರೆ: "ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಎರಡು ಪ್ಯಾನಸಾನಿಕ್ ಜಿಎಚ್5 ಕ್ಯಾಮೆರಾ ನೋಡಿದೆ. ಒಂದೇ ವರ್ಷದವು, ಒಂದೇ ಥರ ಸವೆದವು. ಒಂದಕ್ಕೆ ಮಾತ್ರ ಐದು ಸಾವಿರ ಜಾಸ್ತಿ. ಯಾಕೆ ಅಂದರೆ 'ಇದರಲ್ಲಿ ಲಾಗ್ ಓಪನ್ ಆಗಿದೆ ಸಾರ್' ಅಂದರು. ಏನದು ಓಪನ್ ಆಗಿರುವುದು? ಬಿಚ್ಚಿ ಒಳಗೇನಾದರೂ ಸೇರಿಸಿದ್ದಾರೋ, ನನಗೆ ಟೋಪಿ ಹಾಕುತ್ತಿದ್ದಾರೋ?"

ಟೋಪಿ ಅಲ್ಲ. ಯಾರೂ ಏನನ್ನೂ ಬಿಚ್ಚಿಯೂ ಇಲ್ಲ. ಎರಡೂ ಕ್ಯಾಮೆರಾಗಳ ಹೊಟ್ಟೆಯೊಳಗೆ ಇರುವುದು ಅದೇ ಲೆನ್ಸ್ ಮೌಂಟು, ಅದೇ ಸೆನ್ಸರು, ಅದೇ ಚಿಪ್ಪು. ವ್ಯತ್ಯಾಸ ಇಷ್ಟೇ: ಒಂದರ ಹಿಂದಿನ ಯಜಮಾನ 99 ಡಾಲರ್ ಕೊಟ್ಟು ಒಂದು ಬೀಗದಕೈ ಕೊಂಡಿದ್ದ, ಇನ್ನೊಂದರವನು ಕೊಂಡಿರಲಿಲ್ಲ. ಆ ಬೀಗದಕೈ ಅಂದರೆ ಒಂದು ಸಂಕೇತ. ಅದನ್ನು ಆಯಾ ಕ್ಯಾಮೆರಾದ ಸೀರಿಯಲ್ ನಂಬರಿಗೆ ಗಂಟುಹಾಕಿ ಕಾರ್ಡಿನ ಮೂಲಕ ಕ್ಯಾಮೆರಾಕ್ಕೆ ಉಣಿಸಿದರೆ ಮೆನುವಿನಲ್ಲಿ ಒಂದು ಹೊಸ ಸಾಲು ಜೀವ ತಳೆಯುತ್ತದೆ: ವಿ-ಲಾಗ್ ಎಲ್.

ಪ್ಯಾನಸಾನಿಕ್ 2015ರಲ್ಲಿ ಜಿಎಚ್4ಕ್ಕೆ ಮೊದಲ ಬಾರಿಗೆ ಇದನ್ನು ಕೊಟ್ಟಿತು. ಕೊಟ್ಟಿತು ಏನು ಬಂತು, ಮಾರಿತು. 2017ರ ಜಿಎಚ್5ಕ್ಕೂ ಅದೇ ಪದ್ಧತಿ. ಕ್ಯಾನನ್ ಕಂಪನಿಯದು ಇನ್ನೂ ತಮಾಷೆ. 2017ರಲ್ಲೇ ಅದು ತನ್ನ 5ಡಿ ಮಾರ್ಕ್ 4 ಕ್ಯಾಮೆರಾಕ್ಕೆ 'ಕ್ಯಾನನ್ ಲಾಗ್' ಹಾಕಿಕೊಡುತ್ತೇನೆ ಎಂದಿತು. ಅದೂ 99 ಡಾಲರ್, ಆಗಿನ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಯ ಮೇಲೆ. ಆದರೆ ಮನೆಯಲ್ಲಿ ಕೂತು ಇಳಿಸಿಕೊಳ್ಳುವ ಹಾಗಿಲ್ಲ, ಕ್ಯಾಮೆರಾವನ್ನು ಸರ್ವಿಸ್ ಸೆಂಟರಿಗೆ ಕಳಿಸಬೇಕು. ಅರೆಪಾವು ತೂಕವೂ ಇಲ್ಲದ ಸಾಫ್ಟ್‌ವೇರಿಗಾಗಿ ಕಿಲೋ ಹತ್ತಿರ ತೂಗುವ ಕ್ಯಾಮೆರಾ ಕೊರಿಯರ್ ಡಬ್ಬಿಯಲ್ಲಿ ಊರೂರು ಅಲೆಯಿತು.

ಇಷ್ಟಕ್ಕೂ ಲಾಗ್ ಎಂದರೇನು? ಪಿಯುಸಿ ವಿಜ್ಞಾನ ಓದಿದವರ ಬೆರಳಿಗೆ ಇದು ನೆನಪಿರಬೇಕು. ಲ್ಯಾಬಿನಲ್ಲಿ ಮೂಲೆ ಮಡಚಿದ ಕ್ಲಾರ್ಕ್ಸ್ ಟೇಬಲ್ ಹಿಡಿದು, ಗುಣಾಕಾರವನ್ನು ಕೂಡುವುದಕ್ಕೆ ಇಳಿಸಿ, ಕೊನೆಗೆ ಆಂಟಿಲಾಗ್ ನೋಡುವಾಗ ಸಾಲು ತಪ್ಪಿ ಗುರುತ್ವಾಕರ್ಷಣೆಯನ್ನು 98 ಎಂದು ಬರೆದು ಬೈಸಿಕೊಂಡಿದ್ದೆವಲ್ಲ, ಅದೇ ಲಾಗರಿದಮ್. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಪ್ರಕಟಿಸಿದ ಕೋಷ್ಟಕದ ಮರಿಮಕ್ಕಳು. ಕ್ಯಾಮೆರಾದೊಳಗೆ ಅದಕ್ಕೇನು ಕೆಲಸ ಎಂಬುದೇ ನನಗೆ ಅತಿ ಪ್ರಿಯವಾದ ಭಾಗ. ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ರಾತ್ರಿ ಕರೆಂಟ್ ಹೋಗಿದೆ ಅನ್ನಿ. ಒಂದು ದೀಪ ಹಚ್ಚಿದಿರಿ. ಎರಡನೆಯದನ್ನು ಹಚ್ಚಿದಾಗ ಕೋಣೆ ಎಷ್ಟೋ ಬೆಳಗಿದಂತೆ ಅನ್ನಿಸುತ್ತದೆ. ದೀಪೋತ್ಸವದ ರಾತ್ರಿ ದೇವಸ್ಥಾನದಲ್ಲಿ ಸಾವಿರ ಹಣತೆ ಉರಿಯುವಾಗ ನೀವು ಇನ್ನೊಂದು ಹಚ್ಚಿಟ್ಟರೆ ದೇವರಿಗೆ ಗೊತ್ತಾಗಬಹುದು, ಕಣ್ಣಿಗಂತೂ ಗೊತ್ತಾಗುವುದಿಲ್ಲ. ಬೆಳಕು ಎಷ್ಟು ಹೆಚ್ಚಿತು ಎನ್ನುವುದಲ್ಲ, ಎಷ್ಟು ಪಟ್ಟು ಹೆಚ್ಚಿತು ಎನ್ನುವುದೇ ಕಣ್ಣಿಗೆ ಮುಖ್ಯ. ಸೆನ್ಸರಿಗೆ ಈ ನಾಜೂಕು ಇಲ್ಲ. ಅದು ಹಳ್ಳಿಯ ಹಾಲಿನ ಡೇರಿಯ ಹಾಗೆ: ಬಂದಷ್ಟು ಬೆಳಕನ್ನು ಅಳೆದು ಬರೆದುಕೊಳ್ಳುತ್ತದೆ, ಎರಡರಷ್ಟು ಬಂದರೆ ಎರಡರಷ್ಟು ಅಂಕಿ.

ಇದರಿಂದ ಒಂದು ಭಾರೀ ಅನ್ಯಾಯ ಆಗುತ್ತದೆ. 14 ಬಿಟ್ಟಿನ ಸೆನ್ಸರಿಗೆ ಬೆಳಕನ್ನು ಗುರುತಿಸಲು 16,384 ಮೆಟ್ಟಿಲು. ಬೆಳಕು ದುಪ್ಪಟ್ಟಾಗುವ ಒಂದೊಂದು ಹಂತವನ್ನು ಫೋಟೊಗ್ರಾಫರುಗಳು ಸ್ಟಾಪ್ ಅನ್ನುತ್ತಾರೆ. ಅತ್ಯಂತ ಪ್ರಕಾಶಮಾನವಾದ ಒಂದೇ ಸ್ಟಾಪ್ ಈ ಮೆಟ್ಟಿಲುಗಳಲ್ಲಿ ಅರ್ಧವನ್ನು, ಅಂದರೆ 8,192ನ್ನು ನುಂಗುತ್ತದೆ. ಅದರ ಕೆಳಗಿನದಕ್ಕೆ 4,096. ಅದರ ಕೆಳಗೆ 2,048. ಹೀಗೇ ಇಳಿಯುತ್ತ ಹತ್ತನೆಯ ಸ್ಟಾಪ್ ತಲುಪುವಾಗ ಉಳಿದಿರುವುದು 16 ಮೆಟ್ಟಿಲು. ಅಪ್ಪನ ಆಸ್ತಿಯಲ್ಲಿ ಹಿರಿಯಣ್ಣ ಅರ್ಧ ಬರೆಸಿಕೊಂಡ, ಎರಡನೆಯವನು ಉಳಿದದ್ದರಲ್ಲಿ ಅರ್ಧ, ಮೂರನೆಯವನು ಅದರಲ್ಲಿ ಅರ್ಧ. ಹತ್ತನೆಯ ತಮ್ಮನಿಗೆ ಸಿಕ್ಕಿದ್ದು ಹಿತ್ತಲಿನ ಒಂದು ಕರಿಬೇವಿನ ಗಿಡ. ಮದುವೆಮಂಟಪದ ಹೊರಗಿನ ಬಿಸಿಲಿಗೆ ಸಾವಿರಾರು ಅಂಕಿ, ಒಳಗೆ ಕೂತ ವರನ ಕಪ್ಪು ಕೋಟಿನ ನೆರಿಗೆಗಳಿಗೆ ಬೆರಳೆಣಿಕೆಯಷ್ಟು. ವಿಡಿಯೊ ಫೈಲಿನಲ್ಲಿ ಇರುವುದು ಎಂಟು ಬಿಟ್ಟಿನ 256 ಮೆಟ್ಟಿಲೋ ಹತ್ತು ಬಿಟ್ಟಿನ 1,024 ಮೆಟ್ಟಿಲೋ ಅಷ್ಟೇ. ಹೀಗೆ ಪಾಲು ಮಾಡುತ್ತ ಕೂತರೆ ಕೋಟು ಬರೀ ಮಸಿ.

ಲಾಗ್ ಟೇಬಲ್ ಇಲ್ಲಿ ಪಂಚಾಯಿತಿಯ ಹಿರಿಯನಂತೆ ಬಂದು ಆಸ್ತಿಯನ್ನು ಸಮಪಾಲು ಮಾಡುತ್ತದೆ. ಹನ್ನೆರಡು ಸ್ಟಾಪ್ ಇದ್ದರೆ 1,024 ಮೆಟ್ಟಿಲನ್ನು ಹೆಚ್ಚುಕಡಿಮೆ ಎಂಬತ್ತೈದರಂತೆ ಎಲ್ಲರಿಗೂ ಹಂಚು! ಬಿಸಿಲಿಗೂ ಅಷ್ಟೇ, ಕೋಟಿಗೂ ಅಷ್ಟೇ. (ತೀರಾ ಕತ್ತಲೆಯ ತುದಿಯಲ್ಲಿ ಹಿರಿಯರು ಸ್ವಲ್ಪ ರಾಜಿ ಮಾಡಿಕೊಳ್ಳುತ್ತಾರೆ, ಅದು ಬೇರೆ ಮಾತು.) ಈ ಉಪಾಯ ಹೊಸದೇನಲ್ಲ. ಸಿನಿಮಾ ರೀಲನ್ನು ಕಂಪ್ಯೂಟರಿಗೆ ಇಳಿಸಲು 1990ರ ದಶಕದ ಆರಂಭದಲ್ಲಿ ಕೊಡಾಕ್ ಕಟ್ಟಿದ 'ಸಿನಿಯಾನ್' ವ್ಯವಸ್ಥೆ ಇದನ್ನೇ ಮಾಡುತ್ತಿತ್ತು.

ಸಮಪಾಲು ಮಾಡಿದ ಚಿತ್ರ ನೋಡಲು ಮಾತ್ರ ಚೆನ್ನಾಗಿರುವುದಿಲ್ಲ. ಸುಣ್ಣದ ನೀರಿನಲ್ಲಿ ಅದ್ದಿದ ಹಾಗೆ ಬೂದು, ಮಂಕು. ವಧುವಿನ ಕಡೆಯವರು ಕಚ್ಚಾ ವಿಡಿಯೊ ನೋಡಿ "ರೇಷ್ಮೆ ಸೀರೆ ಎಲ್ಲಿ ಹೋಯ್ತು?" ಎಂದು ಜಗಳಕ್ಕೆ ಬಂದರೆ ಆಶ್ಚರ್ಯವಿಲ್ಲ. ಎಡಿಟಿಂಗ್ ಮೇಜಿನಲ್ಲಿ ಆಂಟಿಲಾಗ್ ನೋಡಬೇಕು, ಆಗ ಸೀರೆಯೂ ವಾಪಸು, ಕಿಟಕಿಯಾಚೆಯ ಆಕಾಶವೂ ವಾಪಸು.

ಈಗ ದುಡ್ಡಿನ ಮಾತು. ಇಷ್ಟೆಲ್ಲ ಹೊಗಳಿದ ಮೇಲೂ ಲಾಗ್ ಎಂಬುದು ಮೂಲದಲ್ಲಿ ಒಂದು ಕೋಷ್ಟಕ: ಈ ಅಂಕಿ ಬಂದರೆ ಆ ಅಂಕಿ ಬರೆ. ಆಯಾ ಸೆನ್ಸರಿಗೆ ತಕ್ಕಂತೆ ಅದನ್ನು ಹೊಂದಿಸಲು ಎಂಜಿನಿಯರುಗಳು ತಲೆ ಕೆಡಿಸಿಕೊಂಡಿರುತ್ತಾರೆ, ಒಪ್ಪೋಣ. ಆದರೆ ಅದನ್ನು ಇನ್ನೊಂದು ಕ್ಯಾಮೆರಾಕ್ಕೆ ಹಾಕಲು ಕಂಪನಿಗೆ ಖರ್ಚಿಲ್ಲ. ಹಾಗಿದ್ದರೆ 99 ಡಾಲರ್ ಯಾತಕ್ಕೆ?

ಇದಕ್ಕೆ ಉತ್ತರ ಕ್ಯಾಮೆರಾ ಪುಸ್ತಕದಲ್ಲಿಲ್ಲ, ರೈಲಿನಲ್ಲಿದೆ. ಫ್ರಾನ್ಸಿನ ಆರಂಭಕಾಲದ ರೈಲುಗಳಲ್ಲಿ ಮೂರನೆಯ ದರ್ಜೆಯ ಕೆಲವು ಬೋಗಿಗಳಿಗೆ ಚಾವಣಿಯೇ ಇರಲಿಲ್ಲ. ಬಡವರೆಂದರೆ ಕಂಪನಿಗೆ ದ್ವೇಷವೆಂದು ಜನ ಬೈದರು. ಜೂಲ್ಸ್ ಡ್ಯುಪ್ವಿ ಎಂಬ ಎಂಜಿನಿಯರ್ 1849ರಲ್ಲಿ ಅದರ ಗುಟ್ಟು ಬಿಡಿಸಿದ. ಚಾವಣಿ ಹೊದಿಸುವ ಖರ್ಚು ಏನೇನೂ ಅಲ್ಲ. ಬಡವನನ್ನು ನೆನೆಸುವುದೂ ಉದ್ದೇಶವಲ್ಲ. ಎರಡನೆಯ ದರ್ಜೆಗೆ ಕೊಡುವ ಶಕ್ತಿ ಇದ್ದವನು ಮೂರನೆಯದಕ್ಕೆ ಹತ್ತಿಬಿಡದಂತೆ ಹೆದರಿಸುವುದಕ್ಕೆ ಈ ಏರ್ಪಾಡು ಎಂದ. ಬಡವ ನೆನೆದದ್ದು ಸಾಹುಕಾರನ ಕಣ್ಣಿಗೆ ಬೀಳಲಿ ಎಂದು!

ಯಂತ್ರಗಳಲ್ಲಿ ಈ ತಂತ್ರದ ಅತಿ ಚಂದದ ಉದಾಹರಣೆ ಎಂದರೆ 1990ರ ಐಬಿಎಂ ಪ್ರಿಂಟರ್. 'ಲೇಸರ್‌ಪ್ರಿಂಟರ್' ನಿಮಿಷಕ್ಕೆ 10 ಹಾಳೆ ಮುದ್ರಿಸುತ್ತಿತ್ತು. ಅಗ್ಗದ 'ಲೇಸರ್‌ಪ್ರಿಂಟರ್ ಇ' 5 ಹಾಳೆ. ಎರಡೂ ಹೆಚ್ಚುಕಡಿಮೆ ಒಂದೇ ಯಂತ್ರ. ಅಗ್ಗದ್ದಕ್ಕೆ ಮಾತ್ರ ನಡುನಡುವೆ ಸುಮ್ಮನೆ ಕಾಯುವಂತೆ ಅಪ್ಪಣೆ ಮಾಡಿದ್ದರು. ಅಂದರೆ ನಿಧಾನವಾಗಿ ಓಡುವುದನ್ನು ಅದಕ್ಕೆ ಕಷ್ಟಪಟ್ಟು ಕಲಿಸಿದ್ದರು. ಅರ್ಥಶಾಸ್ತ್ರಜ್ಞರು ಇಂಥದ್ದಕ್ಕೆ 'ಊನಗೊಳಿಸಿದ ಸರಕು' ಎನ್ನುತ್ತಾರೆ.

ಲೆಕ್ಕಪತ್ರದ ನೆವವೂ ಒಂದಿದೆ. 2007ರಲ್ಲಿ ಆಪಲ್ ತಾನು ಆಗಲೇ ಮಾರಿದ್ದ ಮ್ಯಾಕ್‌ಗಳೊಳಗೆ ನಿದ್ರಿಸುತ್ತಿದ್ದ ವೇಗದ ವೈಫೈಯನ್ನು ಎಬ್ಬಿಸಲು 1.99 ಡಾಲರ್ ಕೇಳಿತು. ಮಾರಾಟದ ಆದಾಯವನ್ನು ಪೂರ್ತಿ ಬರೆದುಕೊಂಡ ಮೇಲೆ ಹೊಸ ಸೌಲಭ್ಯವನ್ನು ಬಿಟ್ಟಿ ಕೊಟ್ಟರೆ ಅಕೌಂಟಿಂಗ್ ನಿಯಮ ಒಪ್ಪುವುದಿಲ್ಲ ಎಂಬುದು ಅದರ ವಾದ.

ಎಲ್ಲ ಬೀಗವೂ ಕಂಪನಿಯ ದುರಾಸೆಯಲ್ಲ ಎನ್ನಲು ನನ್ನದೇ ಕತೆ ಹೇಳಬೇಕು. ಕೆಲವು ವರ್ಷದ ಹಿಂದೆ ರಾತ್ರಿಯಿಡೀ ಯಕ್ಷಗಾನ ರೆಕಾರ್ಡ್ ಮಾಡಲು ಹೋಗಿದ್ದೆ. ಭಾಗವತರು ಏರುಪದ ಎತ್ತಿಕೊಂಡು, ಚಂಡೆ ಕಾವೇರಿ, ವೇಷ ಇನ್ನೇನು ರಂಗಕ್ಕೆ ಹಾರಬೇಕು, ಕ್ಯಾಮೆರಾ ಕಣ್ಣು ಮುಚ್ಚಿತು. 29 ನಿಮಿಷ 59 ಸೆಕೆಂಡ್. ಮತ್ತೆ ಒತ್ತಿದೆ. ಮತ್ತೆ 29:59ಕ್ಕೆ ನಿಂತಿತು. ಪಕ್ಕದಲ್ಲಿದ್ದ ಅನುಭವಿಯೊಬ್ಬರು "ಹೀಟ್ ಆಗಿದೆ ಮಾರಾಯ್ರೆ" ಎಂದು ಒದ್ದೆ ಬೈರಾಸು ಹೊದಿಸಿದರು. ನಾನೂ ನಂಬಿದೆ, ನಾಚಿಕೆಗೇಡು. ಬಿಸಿಯಾಗಿ ನಿಲ್ಲುವ ಯಂತ್ರ ಗಡಿಯಾರ ನೋಡಿಕೊಂಡು ಸೆಕೆಂಡೂ ತಪ್ಪದೆ ನಿಲ್ಲುತ್ತದೆಯೆ? ಈ ಬಿಸಿಯ ಕತೆಯನ್ನು ಇವತ್ತಿಗೂ ಕಲ್ಯಾಣಮಂಟಪಗಳಲ್ಲಿ ಕೇಳುತ್ತೇನೆ. ಕೆಲವು ಕ್ಯಾಮೆರಾ 4ಕೆಯಲ್ಲಿ ಬಿಸಿಯಾಗಿ ನಿಲ್ಲುವುದು ನಿಜ, ಆದರೆ ಅದು ಹೊತ್ತು ನೋಡಿ ನಿಲ್ಲುವುದಿಲ್ಲ. 29:59ರ ಹಿಂದೆ ಇದ್ದದ್ದು ಯುರೋಪಿನ ಸುಂಕದಕಟ್ಟೆ. ಅಲ್ಲಿನ ಆಗಿನ ನಿಯಮದ ಪ್ರಕಾರ ಒಳ್ಳೆಯ ಗುಣಮಟ್ಟದಲ್ಲಿ ಒಂದೇ ಸಮ 30 ನಿಮಿಷ ಚಿತ್ರಿಸುವ ಯಂತ್ರ ವಿಡಿಯೊ ಕ್ಯಾಮೆರಾ, ಅದಕ್ಕೆ ಶೇಕಡಾ 4.9 ಆಮದು ಸುಂಕ. ಅದಕ್ಕಿಂತ ಕಡಿಮೆಯಾದರೆ ಸ್ಥಿರಚಿತ್ರದ ಕ್ಯಾಮೆರಾ, ಸುಂಕವಿರಲಿಲ್ಲ. ಒಂದು ಸೆಕೆಂಡ್ ಕತ್ತರಿಸಿ ತೆರಿಗೆ ಉಳಿಸಿದರು. ಎಲ್ಲೋ ಯುರೋಪಿನ ಬಂದರಿನ ಗುಮಾಸ್ತನಿಗೆ ಹೆದರಿ ನಮ್ಮ ಕರಾವಳಿಯ ಬಯಲಿನಲ್ಲಿ ಕ್ಯಾಮೆರಾ ಕಣ್ಣು ಮುಚ್ಚಿತ್ತು.

ಬೀಗ ಇದ್ದಲ್ಲಿ ಬೀಗ ಒಡೆಯುವವರೂ ಇರುತ್ತಾರೆ. 2003ರಲ್ಲಿ ಕ್ಯಾನನ್ 300ಡಿ ಬಂತು, ಅಮೆರಿಕದಲ್ಲಿ ಸಾವಿರ ಡಾಲರಿನೊಳಗಿನ ಡಿಜಿಟಲ್ ಎಸ್‌ಎಲ್‌ಆರ್. ಒಳಗೆ ದುಬಾರಿ 10ಡಿಯದೇ ಸೆನ್ಸರು. 'ವಾಸ್ಯಾ' ಎಂಬ ಹೆಸರಿನ ರಷ್ಯನ್ ಹ್ಯಾಕರ್ ಅದರ ಫರ್ಮ್‌ವೇರ್ ತಿದ್ದಿ ನೋಡಿದರೆ ಐಎಸ್‌ಒ 3200, ಕನ್ನಡಿ ಎತ್ತಿಹಿಡಿಯುವ ಸೌಲಭ್ಯ, ಫ್ಲಾಶ್ ಹತೋಟಿ ಎಲ್ಲ ಒಳಗೇ ಮಲಗಿದ್ದವು. ಆಮೇಲೆ 2009ರಲ್ಲಿ ಟ್ರ್ಯಾಮೆಲ್ ಹಡ್ಸನ್ ಶುರುಮಾಡಿದ 'ಮ್ಯಾಜಿಕ್ ಲ್ಯಾಂಟರ್ನ್' ಎಂಬ ಹೊರಗಿನವರ ತಂತ್ರಾಂಶ ಬಂತು. 2013ರ ಹೊತ್ತಿಗೆ ಅದು 5ಡಿ ಮಾರ್ಕ್ 3ರಿಂದ ಕಚ್ಚಾ ವಿಡಿಯೊವನ್ನೇ ಹೊರಗೆಳೆಯಿತು, ಆ ಕ್ಯಾಮೆರಾದಲ್ಲಿ ಕಂಪನಿ ಎಂದೂ ಮಾರದಿದ್ದ ಸೌಲಭ್ಯವದು.

ನನ್ನ ಪಕ್ಷ ಯಾವುದು? ನಿಕಾನ್ 2019ರಲ್ಲಿ ಝಡ್6, ಝಡ್7ಗಳಿಗೆ ಹೊರಗಿನ ರೆಕಾರ್ಡರಿಗೆ ಪ್ರೋರೆಸ್ ರಾ ಎಂಬ ಕಚ್ಚಾ ವಿಡಿಯೊ ಕಳಿಸುವ ಸೌಲಭ್ಯಕ್ಕೆ 200 ಡಾಲರ್ ಕೇಳಿತು. ಸಿನಿಮಾದವರಿಗೆ ಮಾತ್ರ ಬೇಕಾದದ್ದು, ಬೇಕಾದವನು ಕೊಡಲಿ, ಹೂವಿನ ಫೋಟೊ ತೆಗೆಯುವ ನಾನು ಯಾಕೆ ಆ ಖರ್ಚು ಹೊರಬೇಕು? ನ್ಯಾಯವಾಗಿದೆ. ಅದೇ ನಿಕಾನ್ 2022ರಲ್ಲಿ ಝಡ್9ಕ್ಕೆ 8ಕೆ 60 ಫ್ರೇಮಿನ ಕಚ್ಚಾ ವಿಡಿಯೊವನ್ನು ಬಿಟ್ಟಿ ಕೊಟ್ಟಿತು. ಸ್ಪರ್ಧಿ ಬಾಗಿಲಲ್ಲಿ ನಿಂತಾಗ ಔದಾರ್ಯ ತಾನಾಗಿ ಹುಟ್ಟುತ್ತದೆ. ಆದರೆ ಸೋನಿ ತನ್ನ ಕೆಲವು ಕ್ಯಾಮೆರಾಗಳ ಪರದೆಯ ಮೇಲೆ ನಮಗೆ ಬೇಕಾದಂತೆ ಗೆರೆ ತೋರಿಸಲು 149 ಡಾಲರ್ ಲೈಸೆನ್ಸ್ ಇಟ್ಟಿತು. ಶಾಲಾ ಮಕ್ಕಳ ಫೋಟೊ ಸಾಲಾಗಿ ತೆಗೆಯುವವರಿಗೆ ಅದು ಉಪಯೋಗವಂತೆ. ಉಪಯೋಗ ಇರಲಿ, ಗೆರೆಗೆ ದುಡ್ಡೆ? ರಂಗೋಲಿಗೆ ಚುಕ್ಕಿಯ ಲೆಕ್ಕದಲ್ಲಿ ಬಾಡಿಗೆ ಕೇಳಿದ ಹಾಗಾಯಿತು.

ಇನ್ನು, ದುಡ್ಡು ಕೊಡಬೇಕಿಲ್ಲದ ಅಪ್‌ಡೇಟನ್ನೂ ಹಾಕದೆ ಕೂತವರಿಗೆ ಒಂದು ಮಾತು. "ಅಪ್‌ಡೇಟ್ ಮಾಡಿದರೆ ಕ್ಯಾಮೆರಾ ಸತ್ತುಹೋಗುತ್ತೆ" ಎಂಬ ಭಯ ನಮ್ಮ ಸ್ಟುಡಿಯೊಗಳಲ್ಲಿ ದೆವ್ವದಷ್ಟೇ ಬಲವಾಗಿದೆ. ಆಯುಧಪೂಜೆಯ ದಿನ ಅದೇ ಕ್ಯಾಮೆರಾದ ಮೂತಿಗೆ ಅರಿಶಿನ ಕುಂಕುಮ ಮೆತ್ತಲು ಮಾತ್ರ ಭಯವಿಲ್ಲ. ಆ ಪುಡಿ ಫೋಕಸ್ ರಿಂಗಿನ ಸಂದಿಗೆ ಇಳಿದರೆ ಏನಾಗುತ್ತದೆ ಎಂಬುದನ್ನು ರಿಪೇರಿಯವರನ್ನು ಕೇಳಿ. ಅಪ್‌ಡೇಟಿನ ಮುಖ್ಯ ಅಪಾಯ ನಡುವೆ ಕರೆಂಟ್ ಕೈಕೊಡುವುದು. ಬ್ಯಾಟರಿ ತುಂಬಿಸಿ, ಕಂಪನಿಯದೇ ಫೈಲ್ ಹಾಕಿ, ಮುಗಿಯುವ ತನಕ ಗುಂಡಿ ಮುಟ್ಟಬೇಡಿ. ಪೂಜೆಗೆ ಕ್ಯಾಮೆರಾದ ಚೀಲ ಸಾಕು.

ಸಾಗರದವರಿಗೆ ಉತ್ತರ ಬಾಕಿ ಇದೆ. ಆ ಬೀಗದಕೈ ಯಜಮಾನನಿಗಲ್ಲ, ಕ್ಯಾಮೆರಾಕ್ಕೆ ಅಂಟಿರುವುದರಿಂದ ಅಂಗಡಿಯವರು ಹೇಳಿದ್ದು ನಿಜ ಇರಬಹುದು. ಮೆನುವಿನಲ್ಲಿ ಫೋಟೊ ಸ್ಟೈಲ್ ತೆಗೆದು ವಿ-ಲಾಗ್ ಎಲ್ ಆಯ್ಕೆ ಮಾಡಲು ಬರುತ್ತದೆಯೇ ನೋಡಿ. ಬಂದರೆ ಅಂಗಡಿಯ ಬಾಗಿಲಾಚೆಯ ಬಿಸಿಲಿನ ಕಡೆ ಹಿಡಿಯಿರಿ. ಪರದೆ ಸುಣ್ಣ ಬಳಿದಂತೆ ಬಿಳಿಚಿಕೊಂಡರೆ ಬೀಗ ತೆರೆದಿದೆ. ಆಮೇಲೆ, 2018ರಲ್ಲಿ ಬಂದ ಜಿಎಚ್5ಎಸ್‌ನಲ್ಲಿ ಪ್ಯಾನಸಾನಿಕ್ ಇದನ್ನು ಹೆಚ್ಚಿನ ಹಣವಿಲ್ಲದೆ ಕಾರ್ಖಾನೆಯಿಂದಲೇ ಹಾಕಿ ಕಳಿಸಿತ್ತು ಎಂಬುದನ್ನು ಅಂಗಡಿಯವರಿಗೆ ಮೆಲ್ಲಗೆ ನೆನಪಿಸಿ, ಐದು ಸಾವಿರದ ಚೌಕಾಸಿ ಅಲ್ಲಿಂದ ಶುರುಮಾಡಿ.