ಭಯದ ಸಾಲ ತೀರಿಸುವವರು ಯಾರು?

ಸೆಪ್ಟೆಂಬರ್ 17 ಬಂತೆಂದರೆ ಕಲ್ಯಾಣ ಕರ್ನಾಟಕದಲ್ಲಿ ಧ್ವಜಾರೋಹಣ, ಭಾಷಣ. 1948ರ ಆ ದಿನ ನಿಜಾಮ ಶರಣಾಗುವವರೆಗೆ ರಾಯಚೂರು, ಮಾನ್ವಿ, ದೇವದುರ್ಗ, ಪೋತ್ನಾಳಗಳೆಲ್ಲ ಹೈದರಾಬಾದ್ ಸಂಸ್ಥಾನದ ನೆಲ. ರಜಾಕಾರರ ಹಾವಳಿಯನ್ನು ನೆನೆಯುವ ನಾವು, ಆ ಹಾವಳಿಯನ್ನು ಬೆಳೆಸಿದ ರಾಜಕೀಯ ತಂತ್ರವನ್ನು ಮಾತ್ರ ಅಷ್ಟಾಗಿ ಪರಿಶೀಲಿಸುವುದಿಲ್ಲ.

ಲಾತೂರಿನ ವಕೀಲ ಕಾಸಿಂ ರಜ್ವಿ ಮುಸ್ಲಿಮರ ಪ್ರಶ್ನಾತೀತ ರಕ್ಷಕನೆನಿಸಲು ಹೊರಟದ್ದು ಭಯದ ಬಂಡವಾಳದಿಂದಲೇ. ಭಾರತದಲ್ಲಿ ವಿಲೀನವಾದರೆ ನಮ್ಮ ಬದುಕೇ ಉಳಿಯದು ಎಂದು ಆತ ತನ್ನವರನ್ನು ನಂಬಿಸಿದ. ದೇಶ ವಿಭಜನೆಯ ರಕ್ತಪಾತ ಕಣ್ಣೆದುರಿಗಿದ್ದ ಕಾಲವದು. ಭಯ ಪೂರ್ತಿ ಸುಳ್ಳಾಗಿರಲಿಲ್ಲ. ಭಯದ ರಾಜಕಾರಣ ಗೆಲ್ಲುವುದು ಹೀಗೆಯೇ. ಅದು ಇಲ್ಲದ ಅಂಜಿಕೆಯನ್ನು ಸೃಷ್ಟಿಸುವುದಿಲ್ಲ, ಇರುವ ಅಂಜಿಕೆಗೆ ಎಣ್ಣೆ ಸುರಿಯುತ್ತದೆ.

ಒಮ್ಮೆ ಜನ ಅಂಜಿದರೆ ವಿಧೇಯತೆ ತಾನಾಗಿಯೇ ಬರುತ್ತದೆ. ಆಗ ವಿವೇಕದ ಮಾತು ದ್ರೋಹವೆನಿಸುತ್ತದೆ. ರಜಾಕಾರರನ್ನು ಟೀಕಿಸಿ, ಭಾರತದೊಡನೆ ವಿಲೀನವೇ ಲೇಸೆಂದ 'ಇಮ್ರೋಜ್' ಪತ್ರಿಕೆಯ ಯುವ ಸಂಪಾದಕ ಶೋಯಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಲೆಯಾದರು. ಅವರೂ ಮುಸ್ಲಿಮರೇ ಎಂಬುದು ಗಮನಾರ್ಹ.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳನುಗ್ಗಿತು. ಐದೇ ದಿನಗಳಲ್ಲಿ ಎಲ್ಲವೂ ಮುಗಿಯಿತು. ಸೆರೆವಾಸ ಅನುಭವಿಸಿದ ರಜ್ವಿ 1957ರಲ್ಲಿ ಬಿಡುಗಡೆಗೊಂಡು ಪಾಕಿಸ್ತಾನಕ್ಕೆ ತೆರಳಿದ. ಆತ ಮಾಡಿದ ಸಾಲವನ್ನು ತೀರಿಸಿದವರು, ಆತನ ಭಾಷಣವನ್ನೇ ಕೇಳಿರದ ಹಳ್ಳಿಗಳ ಬಡ ಮುಸ್ಲಿಮರು. ಕಾರ್ಯಾಚರಣೆಯ ಬಳಿಕ ಸಂಸ್ಥಾನದ ಹಲವೆಡೆ ಅವರ ಮೇಲೆ ಪ್ರತೀಕಾರ ನಡೆಯಿತು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರವಿರಬಹುದೆಂದು ಅಂದಾಜಿಸಿತು. ಉಸ್ಮಾನಾಬಾದ್, ನಾಂದೇಡ್‌ಗಳ ಜೊತೆಗೆ ನಮ್ಮ ಗುಲ್ಬರ್ಗ, ಬೀದರ್‌ಗಳೂ ತೀವ್ರವಾಗಿ ನಲುಗಿದವು. ದಶಕಗಳ ಕಾಲ ಆ ವರದಿ ಜನರ ಕೈಸೇರಲಿಲ್ಲ. ಒಂದು ಭಯವನ್ನು ನೆನೆದು ಇನ್ನೊಂದನ್ನು ಮರೆತದ್ದು ನಂತರದ ನಾಯಕರಿಗೂ ಅನುಕೂಲವೇ ಆಯಿತು. 'ಅವರು ಬಂದರೆ ನಿಮ್ಮ ಗತಿಯೇನು?' ಎಂಬ ಪ್ರಶ್ನೆ ಇಂದಿಗೂ ಚುನಾವಣಾ ವೇದಿಕೆಗಳಲ್ಲಿ ಮತ ತರುತ್ತಿದೆ. ಕೇಳುವವರ ಬಣ್ಣ ಬದಲಾಗಿದೆ, ಅಷ್ಟೆ. ನೀರು, ಕೂಲಿ, ಶಾಲೆಗಳ ಲೆಕ್ಕ ಕೇಳಬೇಕಾದ ಮತದಾರ ಮೊದಲು ತನ್ನ ಜೀವದ ಲೆಕ್ಕಕ್ಕೆ ಕೂರುತ್ತಾನೆ.

ಅದೇ ವರದಿಯಲ್ಲಿ ಮತ್ತೊಂದು ಸಂಗತಿಯೂ ಇದೆ. ಹಲವೆಡೆ ಹಿಂದೂ ನೇಕಾರರು ತಮ್ಮಂತೆಯೇ ಮಗ್ಗ ನಡೆಸುತ್ತಿದ್ದ ಮುಸ್ಲಿಂ ನೇಕಾರರನ್ನು ಪ್ರಾಣವನ್ನೇ ಪಣಕ್ಕಿಟ್ಟು ಕಾಪಾಡಿದರು. ಅವರಿಗೆ ಹಾಗೆಂದು ಯಾವ ನಾಯಕನೂ ಹೇಳಿಕೊಟ್ಟಿರಲಿಲ್ಲ. ದಿನವೂ ಜೊತೆಗೆ ದುಡಿಯುವವನ ಮುಖ ಪರಿಚಿತವಿದ್ದಲ್ಲಿ ವೇದಿಕೆಯ ಭಯ ಬೇರೂರುವುದಿಲ್ಲ. ವಿಮೋಚನೆಯ ದಿನದಂದು ರಜಾಕಾರರ ಹೆಸರಿನೊಂದಿಗೆ ಆ ಅನಾಮಿಕ ನೇಕಾರರನ್ನೂ ಸ್ಮರಿಸುವುದು, ಭಯದಿಂದಲೂ ವಿಮೋಚನೆ ಬಯಸುವವರ ಮೊದಲ ಕರ್ತವ್ಯ.